ಕೊಡೆ ಕೊಟ್ಟು ಹಡಗು ಮುಳುಗಿಸಿದರು: ಚಿದಂಬರಂ ಪಿಳ್ಳೈ ಕಂಪನಿ ಸೋತಿದ್ದು ಯಾಕೆ?

ಹಾಸನದ ಪಯಣಿಗ
ಎಲ್ಲರಿಗೂ ನಮಸ್ಕಾರ. ಹೋದ ವಾರ ಕೆಲಸದ ಮೇಲೆ ತೂತುಕುಡಿಗೆ ಹೋಗಿದ್ದೆ. ಅಲ್ಲಿಯ ಬಂದರಿಗೆ ವಿ.ಓ. ಚಿದಂಬರನಾರ್, ಅಂದರೆ ಚಿದಂಬರಂ ಪಿಳ್ಳೈ ಹೆಸರು. 2011ರಲ್ಲಿ ಇಟ್ಟಿದ್ದಂತೆ. ಊಟಕ್ಕೆ ಹೋದ ಕಡೆ ಹಿರಿಯರೊಬ್ಬರು ಜೊತೆಗೆ ಕೂತಿದ್ದರು. ಅವರು ಹೇಳಿದ ಕತೆ ತಲೆಯಿಂದ ಹೋಗ್ತಾನೇ ಇಲ್ಲ.

1906ರಲ್ಲಿ ಈ ಮನುಷ್ಯ ಬ್ರಿಟಿಷರ ಹಡಗು ಕಂಪನಿಗೆ ಎದುರಾಗಿ ತಮ್ಮದೇ ಕಂಪನಿ ಕಟ್ಟಿದರು. ತೂತುಕುಡಿಯಿಂದ ಕೊಲಂಬೊಗೆ ಹಡಗು ಬಿಟ್ಟರು. ಬ್ರಿಟಿಷ್ ಕಂಪನಿ ಟಿಕೆಟ್ಟನ್ನು ಒಂದು ರೂಪಾಯಿಗೆ ಇಳಿಸಿತು. ಇವರು ಎಂಟಾಣೆ ಮಾಡಿದರು. ಆಗ ಅವರು ಟಿಕೆಟ್ಟೇ ಬೇಡ, ಸುಮ್ನೆ ಬಂದು ಕೂತ್ಕೊಳ್ಳಿ, ಮೇಲಿಂದ ಒಂದು ಕೊಡೆಯನ್ನೂ ಕೊಡ್ತೀವಿ ಅಂದರಂತೆ!

ಶಾಲೆಯಲ್ಲಿ ಇವರ ಬಗ್ಗೆ ಒಂದು ಸಾಲು ಓದಿದ್ದೆ, ಅಷ್ಟೇ. ರಾಜಕೀಯದಿಂದ ವ್ಯಾಪಾರಕ್ಕೆ ಬಂದವರು ಅಂತ ನೆನಪು. ನನ್ನ ಪ್ರಶ್ನೆ ಇದು: ಆ ಕಂಪನಿ ನಿಜವಾಗಿ ಒಂದು ವ್ಯಾಪಾರವಾಗಿತ್ತಾ, ಅಥವಾ ಚಳವಳಿಗೆ ಹಾಕಿದ ಇನ್ನೊಂದು ವೇಷವಾ? ಮತ್ತೆ ಅದು ಸೋತಿದ್ದು ಕೊಡೆಯಿಂದಲಾ, ಬ್ರಿಟಿಷರು ಅವರನ್ನು ಹಾಕಿದ ಜೈಲಿನಿಂದಲಾ, ಅಥವಾ ಒಳಗಿನ ತಪ್ಪಿನಿಂದಲಾ?

ಓದುಗಿ ನಿಶಾ
ಜೈಲಿನಿಂದ. ಇದರಲ್ಲಿ ಕೇಳೋದೇನಿದೆ?

ಲೆಕ್ಕಪತ್ರ
ಅಷ್ಟು ಬೇಗ ತೀರ್ಮಾನ ಬೇಡ ನಿಶಾ ಅವರೇ. ನಾನು ಇಪ್ಪತ್ತು ವರ್ಷದಿಂದ ಕಂಪನಿಗಳ ಲೆಕ್ಕ ನೋಡುವವನು. ಅವರ ಬಗ್ಗೆ ನನಗೆ ಗೌರವ ತುಂಬಾ ಇದೆ. ಆದರೆ ಆ ಕಂಪನಿಯ ಲೆಕ್ಕವನ್ನು ನೋಡಿದರೆ ಜೈಲು ಇಲ್ಲದಿದ್ದರೂ ಅದು ಕಷ್ಟದಲ್ಲೇ ಇರುತ್ತಿತ್ತು.

ಬಂಡವಾಳ 10 ಲಕ್ಷ ರೂಪಾಯಿ. 25 ರೂಪಾಯಿಯ 40,000 ಷೇರು. ಆ ಕಾಲಕ್ಕೆ ದೊಡ್ಡ ದುಡ್ಡೇ. ಆದರೆ ಆ ಹಣ ಹಡಗು ಕೊಳ್ಳುವುದಕ್ಕೇ ಬೇಕು. ಮೇಲೆ ಕಲ್ಲಿದ್ದಲು, ನೌಕರರು, ರಿಪೇರಿ. ಎದುರಾಳಿ ಯಾರು? ಬ್ರಿಟಿಷ್ ಇಂಡಿಯಾ ಸ್ಟೀಮ್ ನ್ಯಾವಿಗೇಷನ್. 1856ರಿಂದ ಬೆಳೆದ ಕಂಪನಿ. ಸರ್ಕಾರದ ಟಪಾಲು ಸಾಗಿಸುವ ಗುತ್ತಿಗೆ ಅವರದ್ದು. ಬರ್ಮಾದಿಂದ ಆಫ್ರಿಕಾದವರೆಗೆ ಹಡಗು ಓಡುತ್ತಿದ್ದವು. ಕೊಲಂಬೊ ಮಾರ್ಗದಲ್ಲಿ ಅವರಿಗೆ ಎಷ್ಟು ನಷ್ಟ ಆದರೂ ರಂಗೂನ್ ಮಾರ್ಗದಲ್ಲಿ ತುಂಬಿಕೊಳ್ಳುತ್ತಾರೆ. ಇವರಿಗೆ ಇದ್ದದ್ದು ಒಂದೇ ಮಾರ್ಗ. ಅಲ್ಲಿ ಸೋತರೆ ಎಲ್ಲಾ ಮುಗೀತು.

ಅಂಥವರ ಜೊತೆ ದರ ಇಳಿಸುವ ಪೈಪೋಟಿಗೆ ಇಳಿಯಲೇಬಾರದಿತ್ತು. ಎಂಟಾಣೆ ಮಾಡಿದ್ದು ತಪ್ಪು.

ಓದುಗಿ ನಿಶಾ
ಇಳಿಸದೇ ಇದ್ದಿದ್ದರೆ ಜನ ಇವರ ಹಡಗು ಹತ್ತುತ್ತಿದ್ದರಾ? ಸಿಲೋನಿನ ತೋಟಕ್ಕೆ ಕೂಲಿಗೆ ಹೋಗುವವರಿಗೆ ಎಂಟಾಣೆ ಅಂದರೆ ಎಷ್ಟು ದೊಡ್ಡದು ಗೊತ್ತಾ?

ಲೆಕ್ಕಪತ್ರ
ಅದೇ ನಾನು ಹೇಳಿದ್ದು. ಹತ್ತುವುದು ಟಿಕೆಟ್ ನೋಡಿ, ಧ್ವಜ ನೋಡಿ ಅಲ್ಲ.

ಮೇಷ್ಟ್ರು ತುಮಕೂರು
ಇಬ್ಬರೂ ಸ್ವಲ್ಪ ನಿಲ್ಲಿ. ಮೊದಲು ಕ್ರಮವಾಗಿ ನೋಡೋಣ. ನಾನು ಇತಿಹಾಸ ಕಲಿಸಿದವನು. ಹಾಸನದವರ ಪ್ರಶ್ನೆಯಲ್ಲೇ ಒಂದು ಸಣ್ಣ ತಿದ್ದುಪಡಿ ಬೇಕು.

ಅವರು ಮೊದಲು ರಾಜಕೀಯ ಮಾಡಿ, ಅದನ್ನು ಬಿಟ್ಟು ವ್ಯಾಪಾರಕ್ಕೆ ಬಂದವರಲ್ಲ. ಮೊದಲು ವಕೀಲರು. 1872ರ ಸೆಪ್ಟೆಂಬರ್ 5ರಂದು ಒಟ್ಟಪಿಡಾರಂನಲ್ಲಿ ಹುಟ್ಟಿದರು. ತಂದೆ ಉಲಗನಾಥ ಪಿಳ್ಳೈ ಕೂಡ ವಕೀಲರೇ. ಮಗ 1900ರ ಹೊತ್ತಿಗೆ ತೂತುಕುಡಿಗೆ ಬಂದು ವಕೀಲಿಕೆ ಮಾಡಿದರು. ಆಮೇಲೆ ಬಂಗಾಳ ವಿಭಜನೆ, ಸ್ವದೇಶಿ, ತಿಲಕರ ಪ್ರಭಾವ. ವ್ಯಾಪಾರ ಮತ್ತು ರಾಜಕೀಯ ಒಟ್ಟೊಟ್ಟಿಗೇ ನಡೆದವು. ಅವರಿಗೆ ಹಡಗು ಬಿಡುವುದೇ ರಾಜಕೀಯವಾಗಿತ್ತು.

ಕಂಪನಿ ನೋಂದಣಿ ಆಗಿದ್ದು 1906ರ ಅಕ್ಟೋಬರ್ 16ರಂದು, ಸ್ವದೇಶಿ ಸ್ಟೀಮ್ ನ್ಯಾವಿಗೇಷನ್ ಕಂಪನಿ ಅಂತ. ಅಧ್ಯಕ್ಷರು ಪಾಂಡಿತ್ತುರೈ ತೇವರ್. ಮದುರೆಯಲ್ಲಿ ತಮಿಳು ಸಂಗಂ ಕಟ್ಟಿದ ಜಮೀನ್ದಾರರು. ಚಿದಂಬರಂ ಪಿಳ್ಳೈ ಸಹಾಯಕ ಕಾರ್ಯದರ್ಶಿ ಮಾತ್ರ! ಆದರೆ ಊರೂರು ಅಲೆದು ಷೇರು ಮಾರಿದ್ದು ಅವರೇ. ಫಕೀರ್ ಸೇಟ್ ಎಂಬ ವ್ಯಾಪಾರಿ ಒಬ್ಬರೇ 8,000 ಷೇರು, ಅಂದರೆ 2 ಲಕ್ಷ ರೂಪಾಯಿಯದ್ದು, ಕೊಂಡರು. ಷೇರು ಏಷ್ಯಾದವರಿಗೆ ಮಾತ್ರ. ಭಾರತದವರು, ಸಿಲೋನಿನವರು, ಏಷ್ಯಾದ ಬೇರೆ ದೇಶದವರು ಯಾರು ಬೇಕಾದರೂ ಕೊಳ್ಳಬಹುದಿತ್ತು.

ಹಾಗಾಗಿ ಇದು ವೇಷ ಅಲ್ಲ. ಕಾಯ್ದೆ ಪ್ರಕಾರ ನೋಂದಾಯಿಸಿದ, ಷೇರುದಾರರಿದ್ದ, ನಿರ್ದೇಶಕರಿದ್ದ ಅಸಲಿ ಕಂಪನಿ.

ಕುಡ್ಲದ ಬಂದರ್
1906 ಅಂದ ಕೂಡಲೇ ನಮ್ಮೂರು ನೆನಪಾಯಿತು. ಅದೇ ವರ್ಷ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಬ್ಯಾಂಕ್ ಶುರು ಮಾಡಿದರು, ಮುಂದೆ ಕಾರ್ಪೊರೇಷನ್ ಬ್ಯಾಂಕ್ ಆಗಿದ್ದು. ಅದೇ ವರ್ಷ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಹಿಂದೂ ಪರ್ಮನೆಂಟ್ ಫಂಡ್ ಕಟ್ಟಿದರು. ಈಗಿನ ಕೆನರಾ ಬ್ಯಾಂಕ್. ಪೈಗಳೂ ವಕೀಲರೇ! ಆ ಎರಡು ಬೆಳೆದವು, ಹಡಗು ಮಾತ್ರ ಮುಳುಗಿತು.

ಲೆಕ್ಕಪತ್ರ
ಒಳ್ಳೆಯ ಹೋಲಿಕೆ. ಬ್ಯಾಂಕನ್ನು ಸಣ್ಣದಾಗಿ ಶುರು ಮಾಡಿ ನಿಧಾನವಾಗಿ ಬೆಳೆಸಬಹುದು. ಅರ್ಧ ಹಡಗು ಕೊಳ್ಳಲು ಆಗುವುದಿಲ್ಲ.

ಇನ್ನೊಂದು ವಿಷಯ. ಕಂಪನಿ ನೋಂದಣಿ ಆಗಿ ಸರಿಯಾಗಿ ಆರು ದಿನಕ್ಕೆ, ಅಕ್ಟೋಬರ್ 22ರಂದು, ಮದ್ರಾಸಿನ ಅರ್ಬತ್‌ನಾಟ್ ಬ್ಯಾಂಕ್ ದಿವಾಳಿ ಎದ್ದಿತು. ಸಾವಿರಾರು ಕುಟುಂಬಗಳ ಉಳಿತಾಯ ಹೋಯಿತು. ಆ ಪೆಟ್ಟಿನಿಂದಲೇ ಮರುವರ್ಷ ಇಂಡಿಯನ್ ಬ್ಯಾಂಕ್ ಹುಟ್ಟಿದ್ದು. ಅಂಥ ಹೊತ್ತಲ್ಲಿ ಈ ಮನುಷ್ಯ ಜನರ ಬಾಗಿಲಿಗೆ ಹೋಗಿ "ಹಡಗಿಗೆ ದುಡ್ಡು ಕೊಡಿ" ಅಂತ ಕೇಳಿದರು ಅನ್ನೋದನ್ನು ನೆನೆಸಿದರೆ ಮೈ ಜುಮ್ ಅನ್ನುತ್ತೆ. ನಾನು ಅವರ ವಿರೋಧಿ ಅಲ್ಲ ನಿಶಾ ಅವರೇ.

ಓದುಗಿ ನಿಶಾ
ಈಗ ನಂಬಿದೆ. :)

ಹಡಗು ಎಲ್ಲಿಂದ ಬಂತು ಅನ್ನೋದನ್ನು ಯಾರೂ ಹೇಳಲಿಲ್ಲ, ನಾನೇ ಹೇಳ್ತೀನಿ. ಮೊದಲು ಮುಂಬೈನ ಶಾ ಲೈನ್ ಎಂಬ ಕಂಪನಿಯಿಂದ ಹಡಗು ಬಾಡಿಗೆಗೆ ತಂದರು. ಬ್ರಿಟಿಷ್ ಕಂಪನಿ ಒತ್ತಡ ಹಾಕಿತು, ಶಾ ಲೈನ್‌ನವರು ಹಡಗು ವಾಪಸ್ ತಗೊಂಡರು. ಟಿಕೆಟ್ ಕೊಟ್ಟಾಗಿದೆ, ಸರಕು ಒಪ್ಪಿಕೊಂಡಾಗಿದೆ, ಹಡಗೇ ಇಲ್ಲ! ಸಿಲೋನಿನಿಂದ ಒಂದು ಹಡಗನ್ನು ಬಾಡಿಗೆಗೆ ತಂದು ಹೇಗೋ ಸುಧಾರಿಸಿದರು. ಸ್ವಂತ ಹಡಗು ಇಲ್ಲದಿದ್ದರೆ ಆಗಲ್ಲ ಅಂತ ಆಗ ಗೊತ್ತಾಯಿತು. ಪಿಳ್ಳೈ ಹಡಗು ಕೊಳ್ಳಲು ಉತ್ತರದ ಕಡೆ ಹೊರಟಾಗ, ಬಂದರೆ ಹಡಗಿನ ಜೊತೆ ಬರುತ್ತೇನೆ, ಇಲ್ಲದಿದ್ದರೆ ಸಮುದ್ರಕ್ಕೆ ಬೀಳುತ್ತೇನೆ ಅಂತ ಶಪಥ ಮಾಡಿ ಹೊರಟರು ಅನ್ನೋದು ಅಲ್ಲಿ ಎಲ್ಲರ ಬಾಯಲ್ಲಿರುವ ಮಾತು. 1907ರಲ್ಲಿ ಎರಡು ಹಡಗು ಬಂದವು. ಗಾಲಿಯಾ ಮತ್ತು ಲಾವೋ. ಒಂದೊಂದರಲ್ಲೂ ಸಾಮಾನ್ಯ ದರ್ಜೆಯ 1,300 ಜನ ಹೋಗಬಹುದಿತ್ತು, 4,000 ಚೀಲ ಸರಕು ಹಿಡಿಯುತ್ತಿತ್ತು. ಸುಬ್ರಹ್ಮಣ್ಯ ಭಾರತಿ ತಮ್ಮ ಪತ್ರಿಕೆಯಲ್ಲಿ ಹಬ್ಬದ ಹಾಗೆ ಬರೆದರು.

ಬಂಗಾರಪೇಟೆ ಹುಡುಗ
ಚಿದಂಬರಂ ಪಿಳ್ಳೈ ಜೀವನದ ಮೇಲೆ 1961ರಲ್ಲಿ ಬಂದ ತಮಿಳು ಸಿನಿಮಾದ ನಿರ್ದೇಶಕರು ಯಾರು ಗೊತ್ತಾ? ನಮ್ಮ ಬಿ.ಆರ್. ಪಂತುಲು! ನಮ್ಮ ಬೂದಿಕೋಟೆಯವರು! ಶಿವಾಜಿ ಗಣೇಶನ್ ನಾಯಕ. ಅದೇ ವರ್ಷ ಪಂತುಲು ಕನ್ನಡದಲ್ಲಿ ಕಿತ್ತೂರು ರಾಣಿಯ ಸಿನಿಮಾನೂ ಮಾಡಿದರು. ಒಂದೇ ವರ್ಷ ಎರಡು ಭಾಷೆಯಲ್ಲಿ ಬ್ರಿಟಿಷರ ವಿರುದ್ಧ ನಿಂತವರ ಕತೆ. ಕೋಲಾರದವರಾಗಿ ನಮಗೆ ಹೆಮ್ಮೆ.

ಮೇಷ್ಟ್ರು ತುಮಕೂರು
ಬೂದಿಕೋಟೆ ಹೈದರಾಲಿ ಹುಟ್ಟಿದ ಊರು ಕೂಡ ಅಲ್ವಾ?

ಬಂಗಾರಪೇಟೆ ಹುಡುಗ
ಹೌದು ಮೇಷ್ಟ್ರೇ. ಕೋಟೆಯ ಕಡೆ ಯಾವಾಗಲಾದರೂ ಬನ್ನಿ, ನಾನು ಕರ್ಕೊಂಡು ಹೋಗ್ತೀನಿ.

ಕುಡ್ಲದ ಬಂದರ್
ತೂತುಕುಡಿಗೆ ಹೋದವರು ಮಕರೂನ್ ತಂದ್ರಾ? ಗೋಡಂಬಿ ಹಾಕಿ ಮಾಡುವ ಆ ಸಿಹಿ ಬೇರೆಲ್ಲೂ ಆ ರುಚಿ ಬರಲ್ಲ.

ಹಾಸನದ ಪಯಣಿಗ
ಎರಡು ಡಬ್ಬ ತಂದೆ. ಮನೆ ತಲುಪುವಾಗ ಒಂದಿತ್ತು.

ಎಲ್ಲರೂ ಬರೆಯುತ್ತಿರುವುದು ಓದಿ ಖುಷಿಯಾಗುತ್ತಿದೆ. ಈ ವಿಷಯ ಯಾಕೆ ಇಷ್ಟು ತಟ್ಟಿತು ಅಂತ ನಾನೂ ಹೇಳಿಬಿಡ್ತೀನಿ. ನಮ್ಮಪ್ಪ 1990ರ ದಶಕದಲ್ಲಿ ಒಂದು ಬಸ್ಸು ಇಟ್ಟಿದ್ದರು. ನಮ್ಮ ಹಳ್ಳಿಯಿಂದ ತಾಲ್ಲೂಕಿಗೆ, ದಿನಕ್ಕೆ ನಾಲ್ಕು ಟ್ರಿಪ್. ಬೆಳಿಗ್ಗೆ ಆರೂವರೆ ಗಾಡಿಗೆ ಹಾಲಿನ ಕ್ಯಾನು, ತರಕಾರಿ, ಶಾಲೆ ಮಕ್ಕಳು. ಹತ್ತು ಬಸ್ಸು ಇದ್ದ ಒಬ್ಬ ಮಾಲೀಕರು ಅದೇ ಸಮಯಕ್ಕೆ ಐದು ನಿಮಿಷ ಮುಂಚೆ ತಮ್ಮ ಬಸ್ಸು ಬಿಟ್ಟರು. ಟಿಕೆಟ್ ಅರ್ಧ. ಅಪ್ಪನೂ ಇಳಿಸಿದರು. ಅವರು ಮಕ್ಕಳಿಗೆ ಪುಕ್ಕಟೆ ಮಾಡಿದರು. ಹದಿನಾಲ್ಕು ತಿಂಗಳು ಅಪ್ಪ ಎಳೆದರು. ಅಮ್ಮನ ಬಳೆ ಹೋದವು. ಕೊನೆಗೆ ಬಸ್ಸು ಮಾರಿದರು. ಅದಾಗಿ ಎರಡೇ ತಿಂಗಳಿಗೆ ಆ ಬಸ್ಸಿನ ಟಿಕೆಟ್ ಮೊದಲಿಗಿಂತ ಜಾಸ್ತಿ ಆಯಿತು.

ಅಪ್ಪನಿಗೆ ಅತಿ ಹೆಚ್ಚು ನೋವಾಗಿದ್ದು ನಷ್ಟದಿಂದಲ್ಲ. ನಮ್ಮ ಬೀದಿಯವರೇ ಆ ಬಸ್ಸು ಹತ್ತಿದರಲ್ಲ ಅಂತ. ಕೊಡೆ ಕತೆ ಕೇಳಿದಾಗ ನನಗೆ ನೆನಪಾಗಿದ್ದು ಅದು.

ಓದುಗಿ ನಿಶಾ
ಓದಿ ಸುಮ್ಮನೆ ಕೂತುಬಿಟ್ಟೆ. ನಿಮ್ಮ ತಂದೆಯವರು ಚೆನ್ನಾಗಿದ್ದಾರಾ?

ಹಾಸನದ ಪಯಣಿಗ
ಇದ್ದಾರೆ. 78 ವರ್ಷ. ಈಗಲೂ ಆರೂವರೆಗೆ ಎದ್ದು ರಸ್ತೆ ಕಡೆ ನೋಡ್ತಾರೆ.

ಲೆಕ್ಕಪತ್ರ
ಪಯಣಿಗರೇ, ನಿಮ್ಮ ತಂದೆಗೆ ಆಗಿದ್ದನ್ನೇ ವ್ಯಾಪಾರದ ಭಾಷೆಯಲ್ಲಿ ಬೇಟೆಯ ದರ ಅನ್ನಬಹುದು. ಎದುರಾಳಿ ಸಾಯುವವರೆಗೆ ನಷ್ಟ ತಿನ್ನುವುದು, ಸತ್ತ ಮೇಲೆ ಬಡ್ಡಿ ಸಮೇತ ವಸೂಲಿ ಮಾಡುವುದು. ಇದು ತೂತುಕುಡಿಯಲ್ಲೇ ಮೊದಲಲ್ಲ. 1884ರಲ್ಲಿ ರವೀಂದ್ರನಾಥ ಟಾಗೋರರ ಅಣ್ಣ ಜ್ಯೋತಿರಿಂದ್ರನಾಥರು ಖುಲ್ನಾದಿಂದ ಬಾರಿಸಾಲ್‌ಗೆ ನದಿಯಲ್ಲಿ ಸ್ಟೀಮರ್ ಬಿಟ್ಟರು. ಎದುರಿಗೆ ಬ್ರಿಟಿಷ್ ಕಂಪನಿ. ದರ ಇಳಿಯುತ್ತಾ ಹೋಗಿ ಕೊನೆಗೆ ಜನ ಪುಕ್ಕಟೆ ಹೋಗುವ ಹಾಗಾಯಿತು, ಮೇಲೆ ತಿಂಡಿ ಕೂಡ. ಅಣ್ಣ ಸಾಲದಲ್ಲಿ ಮುಳುಗಿದರು. ಅವರ ಹಡಗೊಂದರ ಹೆಸರೇ 'ಸ್ವದೇಶಿ'.

1893ರಲ್ಲಿ ಜಮ್ಷೆಟ್‌ಜಿ ಟಾಟಾ ಕೂಡ ಜಪಾನಿನ ಕಂಪನಿ ಜೊತೆ ಸೇರಿ ನೂಲು ಸಾಗಿಸಲು ಹಡಗು ಬಿಟ್ಟರು. ಪಿ ಅಂಡ್ ಓ ಕಂಪನಿ ಬಾಡಿಗೆಯನ್ನು ಪಾತಾಳಕ್ಕೆ ಇಳಿಸಿತು. ಟಾಟಾ ಅಂಥವರೇ ಹಡಗು ಬಿಟ್ಟು ಹಿಂದೆ ಸರಿದರು.

ನಾನು ಎಂಟಾಣೆ ತಪ್ಪು ಅಂದೆ. ನಿಮ್ಮ ತಂದೆಯ ಕತೆ ಓದಿದ ಮೇಲೆ ಆ ಮಾತು ಸ್ವಲ್ಪ ಕಠಿಣವಾಯಿತು ಅನಿಸುತ್ತಿದೆ. ಅವರಿಗೆ ಬೇರೆ ದಾರಿ ಇರಲಿಲ್ಲ.

ಮೇಷ್ಟ್ರು ತುಮಕೂರು
ಹಾಗಿದ್ದರೆ ಸಿಂಧಿಯಾ ಹಡಗು ಕಂಪನಿ ಹೇಗೆ ಉಳಿಯಿತು? 1919ರ ಏಪ್ರಿಲ್ 5ರಂದು ವಾಲ್‌ಚಂದ್ ಹೀರಾಚಂದ್ ಮತ್ತು ಗೆಳೆಯರ 'ಲಾಯಲ್ಟಿ' ಹಡಗು ಮುಂಬೈನಿಂದ ಲಂಡನ್ನಿಗೆ ಹೊರಟಿತು. ಆ ದಿನವನ್ನೇ ನಾವು ಈಗ ರಾಷ್ಟ್ರೀಯ ಕಡಲ ದಿನ ಅಂತ ಆಚರಿಸೋದು. ಅವರ ಮೇಲೂ ಇದೇ ದರದ ಯುದ್ಧ ಆಯಿತು. ಆದರೂ ಉಳಿದರು.

ಲೆಕ್ಕಪತ್ರ
ಅವರ ಬಂಡವಾಳ ಕೋಟಿಗಳ ಲೆಕ್ಕದಲ್ಲಿತ್ತು. ಹಿಂದೆ ಮುಂಬೈನ ಗಿರಣಿ ಮಾಲೀಕರಿದ್ದರು. ಅಷ್ಟಿದ್ದೂ 1923ರಲ್ಲಿ ಬ್ರಿಟಿಷ್ ಹಡಗು ಕಂಪನಿಗಳ ಮುಖ್ಯಸ್ಥ ಇಂಚ್‌ಕೇಪ್ ಜೊತೆ ಹತ್ತು ವರ್ಷದ ಒಪ್ಪಂದ ಮಾಡ್ಕೋಬೇಕಾಯಿತು, ಎಲ್ಲಿ ಓಡಿಸಬೇಕು, ಎಷ್ಟು ಹಡಗು ಅಂತೆಲ್ಲಾ ಕಟ್ಟುಪಾಡಿನ ಜೊತೆ. ಮುಖ್ಯವಾಗಿ, ವಾಲ್‌ಚಂದ್ ಅವರನ್ನು ಯಾರೂ ಪಿಳ್ಳೈ ಅವರ ಹಾಗೆ ಜೈಲಿನಲ್ಲಿ ಗಾಣಕ್ಕೆ ಕಟ್ಟಲಿಲ್ಲ.

ವಕೀಲರ ಮನೆ
ಗಾಣದ ಮಾತು ಬಂತಲ್ಲ, ಈಗ ನಾನು ಬರೆಯಲೇಬೇಕು. ಇಷ್ಟು ಹೊತ್ತು ಹಡಗಿನ ಲೆಕ್ಕವೇ ಆಯಿತು. ಕಂಪನಿಯ ತಲೆಯನ್ನೇ ಕಡಿದು ಹಾಕಿದ ಕೋರ್ಟಿನ ಕತೆ ಯಾರೂ ಹೇಳಲಿಲ್ಲ.

1908ರ ಫೆಬ್ರವರಿ ಕೊನೆಯಲ್ಲಿ ತೂತುಕುಡಿಯ ಕೋರಲ್ ಮಿಲ್ಲಿನ ಕಾರ್ಮಿಕರು ಮುಷ್ಕರ ಹೂಡಿದರು. ಹಾರ್ವಿ ಎಂಬ ಬ್ರಿಟಿಷ್ ಸಹೋದರರ ಗಿರಣಿ. ಕಡಿಮೆ ಕೂಲಿ, ದೀರ್ಘ ಕೆಲಸ, ವಾರದ ರಜೆ ಇಲ್ಲ. ಪಿಳ್ಳೈ ಮತ್ತು ಸ್ವದೇಶಿ ಭಾಷಣಕಾರ ಸುಬ್ರಹ್ಮಣ್ಯ ಶಿವ ಇಬ್ಬರೂ ಕಾರ್ಮಿಕರ ಜೊತೆ ನಿಂತರು. ಸುಮಾರು ಒಂಬತ್ತು ದಿನಕ್ಕೆ ಮಾಲೀಕರು ಮಣಿದರು. ಕೂಲಿ ಜಾಸ್ತಿ ಆಯಿತು, ಭಾನುವಾರ ರಜೆ ಸಿಕ್ಕಿತು. ಹಡಗು ಕಂಪನಿ ಕಟ್ಟಿದ ಮನುಷ್ಯ ಗಿರಣಿ ಕಾರ್ಮಿಕರ ಪರ ನಿಂತ! ಇಂಥ ವ್ಯಾಪಾರಿ ಇನ್ನೊಬ್ಬರನ್ನು ತೋರಿಸಿ ನೋಡೋಣ.

ಮಾರ್ಚ್ 9ಕ್ಕೆ ಬಿಪಿನ್ ಚಂದ್ರ ಪಾಲರ ಬಿಡುಗಡೆಗೆ ಮೆರವಣಿಗೆ. ಮಾರ್ಚ್ 12ಕ್ಕೆ ಇಬ್ಬರ ಬಂಧನ. ಮಾರ್ಚ್ 13ಕ್ಕೆ ತಿರುನೆಲ್ವೇಲಿ ಹೊತ್ತಿ ಉರಿಯಿತು, ಗುಂಡಿಗೆ ನಾಲ್ವರು ಸತ್ತರು. ಜುಲೈ 7ಕ್ಕೆ ನ್ಯಾಯಾಧೀಶ ಪಿನ್ಹೆ ತೀರ್ಪು ಕೊಟ್ಟ. ಪಿಳ್ಳೈಗೆ ರಾಜದ್ರೋಹಕ್ಕೆ ಒಂದು ಜೀವಾವಧಿ, ಶಿವ ಅವರಿಗೆ ಬೆಂಬಲ ಕೊಟ್ಟಿದ್ದಕ್ಕೆ ಇನ್ನೊಂದು ಜೀವಾವಧಿ. ಒಟ್ಟು 40 ವರ್ಷ! ಭಾಷಣ ಮಾಡಿದ ಶಿವ ಅವರಿಗೆ 10 ವರ್ಷ. ಭಾಷಣಕ್ಕೆ ಬೆಂಬಲ ಕೊಟ್ಟವರಿಗೆ ಅದಕ್ಕಿಂತ ಜಾಸ್ತಿ. ಯಾವ ನ್ಯಾಯ ಇದು? ಲಂಡನ್ನಿನಲ್ಲಿದ್ದ ಭಾರತ ಮಂತ್ರಿ ಮಾರ್ಲೆಗೇ ಇದು ಒಪ್ಪಿಗೆಯಾಗಲಿಲ್ಲ. ವೈಸರಾಯ್ ಮಿಂಟೋಗೆ ಬರೆದು ಆಕ್ಷೇಪಿಸಿದರು. ಮೇಲ್ಮನವಿಯಲ್ಲಿ ಶಿಕ್ಷೆ ಇಳಿಯಿತು.

ಕೊಯಮತ್ತೂರು ಜೈಲಿನಲ್ಲಿ ಎತ್ತಿನ ಜಾಗಕ್ಕೆ ಇವರನ್ನು ಕಟ್ಟಿ ಗಾಣ ಎಳೆಸಿದರು. ನಾವು ಗಾಣದೆತ್ತು ಅಂತ ಸುಲಭವಾಗಿ ಹೇಳ್ತೀವಿ. ಒಬ್ಬ ವಕೀಲನನ್ನು, ಕಂಪನಿ ಕಟ್ಟಿದವನನ್ನು ಬಿಸಿಲಲ್ಲಿ ಹಾಗೆ ಸುತ್ತಿಸಿದರು.

ಕುಡ್ಲದ ಬಂದರ್
ಆಮೇಲೆ ಕಣ್ಣೂರು ಜೈಲಿಗೆ ಹಾಕಿದರು ಅಲ್ವಾ? ನಾನು ಆ ದಾರಿಯಲ್ಲಿ ನೂರು ಸಲ ಹೋಗಿದ್ದೇನೆ. ಇದು ಗೊತ್ತೇ ಇರಲಿಲ್ಲ.

ವಕೀಲರ ಮನೆ
ಹೌದು, 1910ರ ಕೊನೆಯಿಂದ ಕಣ್ಣೂರು. ಅವರು ಅಲ್ಲಿದ್ದಾಗಲೇ 1911ರಲ್ಲಿ ಕಂಪನಿ ಮುಚ್ಚಿತು, ಹಡಗು ಮಾರಿಹೋದವು. ಅದೇ ವರ್ಷ ಜೂನ್ 17ರಂದು ಮಣಿಯಾಚ್ಚಿ ಸ್ಟೇಷನ್ನಿನಲ್ಲಿ ವಾಂಚಿನಾಥನ್ ಎಂಬ ಯುವಕ ಕಲೆಕ್ಟರ್ ಆಶ್‌ನನ್ನು ಗುಂಡಿಕ್ಕಿ ಕೊಂದ. ತೂತುಕುಡಿಯಲ್ಲಿ ಅಧಿಕಾರಿಯಾಗಿದ್ದಾಗ ಸ್ವದೇಶಿ ಕಂಪನಿಯನ್ನು ಹತ್ತಿಕ್ಕಿದವನು ಅಂತ ಆಶ್ ಮೇಲೆ ಜನರಿಗೆ ಸಿಟ್ಟಿತ್ತು.

ರೈಲು ರಮೇಶನಲ್ಲ
ರೈಲಿನ ವಿಷಯ ಬಾರದೆ ನಾನು ಬರೆಯೋದಿಲ್ಲ. ಈಗ ಬಂತು.

1914ರ ಫೆಬ್ರವರಿಯಲ್ಲಿ ಪಾಂಬನ್ ಸೇತುವೆ ತೆರೆಯಿತು. ಅದಕ್ಕೆ ಮುಂಚೆ ಮದ್ರಾಸಿನಿಂದ ಬೋಟ್ ಮೇಲ್ ರೈಲು ತೂತುಕುಡಿಗೆ ಬರುತ್ತಿತ್ತು, ಅಲ್ಲಿಂದ ಸ್ಟೀಮರ್‌ನಲ್ಲಿ ಕೊಲಂಬೊ. ಸೇತುವೆ ಆದ ಮೇಲೆ ರೈಲು ನೇರ ಧನುಷ್ಕೋಟಿಗೆ, ಅಲ್ಲಿಂದ ಸಣ್ಣ ಸಮುದ್ರ ದಾಟಿದರೆ ಸಿಲೋನಿನ ತಲೈಮನ್ನಾರ್. ಜನ ಉದ್ದದ ಸಮುದ್ರ ಪ್ರಯಾಣ ಯಾಕೆ ಮಾಡ್ತಾರೆ? ಪಿಳ್ಳೈ ಕಂಪನಿ 1911ರಲ್ಲಿ ಬದುಕಿದ್ದರೂ 1914ರಲ್ಲಿ ಅದರ ಪ್ರಯಾಣಿಕರ ವ್ಯಾಪಾರಕ್ಕೆ ದೊಡ್ಡ ಹೊಡೆತ ಬೀಳುತ್ತಿತ್ತು.

ಲೆಕ್ಕಪತ್ರ
ಇದು ನನ್ನ ತಲೆಗೇ ಬಂದಿರಲಿಲ್ಲ. ತುಂಬಾ ಮುಖ್ಯವಾದ ಮಾತು.

ಓದುಗಿ ನಿಶಾ
ನಾನು ಒಪ್ಪಲ್ಲ. ಆ ಮನುಷ್ಯ ಹೊರಗೆ ಇದ್ದಿದ್ದರೆ ಹೊಸ ಮಾರ್ಗ ಹುಡುಕುತ್ತಿದ್ದರು. ರಂಗೂನಿಗೆ ಬಿಡುತ್ತಿದ್ದರು, ಸರಕಿಗೆ ತಿರುಗುತ್ತಿದ್ದರು. ಸೇತುವೆ ಬಂದಾಗ ಯೋಚನೆ ಮಾಡಲು ಅವರೂ ಇರಬೇಕಿತ್ತು, ಕಂಪನಿಯೂ ಇರಬೇಕಿತ್ತು. ಎರಡನ್ನೂ ಇಲ್ಲವಾಗಿಸಿದ್ದು ಸರ್ಕಾರ. "ಹೇಗಿದ್ದರೂ ಸಾಯ್ತಿತ್ತು" ಅನ್ನೋದು ಕೊಂದವರ ಪರವಾದ ವಾದ ಆಗುತ್ತೆ.

ರೈಲು ರಮೇಶನಲ್ಲ
ಕೊಂದವರ ಪರ ನಾನು ಯಾವತ್ತೂ ಇಲ್ಲ. ಮಾರ್ಗದ ಕತೆ ಹೇಳಿದೆ ಅಷ್ಟೇ. ಆದರೆ ನಿಮ್ಮ ಮಾತು ಸರಿ, 1914ರ ಕಾರಣವನ್ನು 1908ಕ್ಕೆ ಹಚ್ಚಬಾರದು.

ಮೇಷ್ಟ್ರು ತುಮಕೂರು
ನನ್ನ ಅಭಿಪ್ರಾಯ ಹೇಳಿಬಿಡ್ತೀನಿ. ನಮಗೆಲ್ಲ ಹಡಗು, ಗಾಣ ಎರಡೇ ಗೊತ್ತು. 1912ರ ನಂತರ ಅವರು ಇನ್ನೂ 24 ವರ್ಷ ಬದುಕಿದ್ದರು. ಅದರ ಬಗ್ಗೆ ಯಾರೂ ಮಾತಾಡಲ್ಲ. ಪ್ರತಿ ವರ್ಷ ಪಾಠ ಮಾಡುವಾಗ ನಾನೂ ಗಾಣದ ಹತ್ತಿರ ನಿಲ್ಲಿಸಿಬಿಡುತ್ತಿದ್ದೆ, ಪರೀಕ್ಷೆಗೆ ಅಷ್ಟು ಸಾಕಿತ್ತು. ನಿವೃತ್ತಿಯಾದ ಮೇಲೆ ಓದಿದಾಗ ತಪ್ಪು ಮಾಡಿದೆ ಅನಿಸಿತು.

1912ರ ಡಿಸೆಂಬರ್‌ನಲ್ಲಿ ಹೊರಗೆ ಬಂದಾಗ ಜೈಲಿನ ಬಾಗಿಲಲ್ಲಿ ಜನಸಾಗರ ಇರಲಿಲ್ಲ. ಬೆರಳೆಣಿಕೆಯವರು. ಸುಬ್ರಹ್ಮಣ್ಯ ಶಿವ ಬಂದಿದ್ದರು. ಅವರಿಗೆ ಜೈಲಿನಲ್ಲಿ ಕುಷ್ಠ ಹತ್ತಿತ್ತು. ಇವರ ವಕೀಲಿಕೆಯ ಸನ್ನದು ರದ್ದಾಗಿತ್ತು. ಸ್ವಂತ ಜಿಲ್ಲೆಗೆ ಹೋಗುವ ಹಾಗಿರಲಿಲ್ಲ. ಹೆಂಡತಿ ಮೀನಾಕ್ಷಿ ಅಮ್ಮಾಳ್, ಮಕ್ಕಳು. ಮದ್ರಾಸಿನಲ್ಲಿ ಮನೆ ಮಾಡಿದರು. ಹತ್ತು ಲಕ್ಷದ ಕಂಪನಿ ಕಟ್ಟಿದವರು ದಿನಸಿ ಅಂಗಡಿ ಇಟ್ಟರು, ತುಪ್ಪ ಮಾರಿದರು. ಅದೂ ನಿಲ್ಲಲಿಲ್ಲ.

ಪಯಣಿಗರು ರಾಜಕೀಯದಿಂದ ವ್ಯಾಪಾರಕ್ಕೆ ಬಂದವರು ಅಂದಿದ್ದು ನಿಜವಾಗುವುದು ಇಲ್ಲಿ ನೋಡಿ. ತುಪ್ಪದ ಅಂಗಡಿಯಲ್ಲಿ.

ಓದುಗಿ ನಿಶಾ
ಮೇಷ್ಟ್ರೇ, ಗಾಂಧೀಜಿ ಪತ್ರಗಳ ಬಗ್ಗೆಯೂ ಹೇಳಿ.

ಮೇಷ್ಟ್ರು ತುಮಕೂರು
ಹೇಳ್ತೀನಿ. ದಕ್ಷಿಣ ಆಫ್ರಿಕಾದ ಭಾರತೀಯರು ಇವರ ಸಹಾಯಕ್ಕೆ ಅಂತ ದುಡ್ಡು ಕೂಡಿಸಿ ಗಾಂಧೀಜಿ ಮೂಲಕ ಕಳಿಸಿದ್ದರು. 1915ರಲ್ಲಿ ಗಾಂಧೀಜಿ ಮದ್ರಾಸಿಗೆ ಬಂದಾಗ ಇಬ್ಬರೂ ಪತ್ರ ಬರೆದುಕೊಂಡರು. ಆ ಹಣದ ವಿಷಯ ತಿಂಗಳುಗಟ್ಟಲೆ ಎಳೆಯಿತು. ಪಿಳ್ಳೈ ಮತ್ತೆ ಮತ್ತೆ ಬರೆದು ಕೇಳಬೇಕಾಯಿತು. ಕೊನೆಗೆ 1916ರ ಶುರುವಿನಲ್ಲಿ ಕೈಗೆ ಬಂತು. 347 ರೂಪಾಯಿ 12 ಆಣೆ. ಫಕೀರ್ ಸೇಟ್ ಒಬ್ಬರಿಂದಲೇ 2 ಲಕ್ಷದ ಷೇರು ಹಾಕಿಸಿದ ಮನುಷ್ಯ 347 ರೂಪಾಯಿಗೆ ಅಷ್ಟು ದಿನ ಕಾದರು.

ಹಾಸನದ ಪಯಣಿಗ
ಆ 12 ಆಣೆ ನೋಡಿ ಕಣ್ಣು ತುಂಬಿ ಬಂತು.

ಬಂಗಾರಪೇಟೆ ಹುಡುಗ
ಇಷ್ಟು ದೊಡ್ಡ ಮನುಷ್ಯನಿಗೆ ಕಾಂಗ್ರೆಸ್ ಏನೂ ಮಾಡಲಿಲ್ವಾ?

ವಕೀಲರ ಮನೆ
ಅವರು ತಿಲಕರ ಗುಂಪಿನವರು. 1907ರ ಸೂರತ್ ಅಧಿವೇಶನಕ್ಕೂ ಹೋಗಿದ್ದರು. ತಿಲಕರು 1920ರಲ್ಲಿ ತೀರಿಕೊಂಡರು. ಅದೇ ವರ್ಷ ಅಸಹಕಾರದ ವಿಷಯದಲ್ಲಿ ಗಾಂಧೀಜಿ ದಾರಿ ಒಪ್ಪದೆ ಇವರು ಕಾಂಗ್ರೆಸ್ ಬಿಟ್ಟರು. ಪಕ್ಷಕ್ಕೆ ಹೊಸ ಕಾಲ ಬಂದಿತ್ತು, ಇವರು ಹಳೇ ಕಾಲದವರಾಗಿಬಿಟ್ಟರು.

ಸನ್ನದು ವಾಪಸ್ ಸಿಕ್ಕಿದ್ದು ವಾಲೇಸ್ ಎಂಬ ಇಂಗ್ಲಿಷ್ ನ್ಯಾಯಾಧೀಶರ ಸಹಾಯದಿಂದ. ಆ ಉಪಕಾರಕ್ಕೆ ತಮ್ಮ ಒಬ್ಬ ಮಗನಿಗೆ ವಾಲೇಶ್ವರನ್ ಅಂತ ಹೆಸರಿಟ್ಟರು! ಪಿನ್ಹೆಯಿಂದ 40 ವರ್ಷದ ಶಿಕ್ಷೆ ಪಡೆದ ಮನುಷ್ಯ ಇನ್ನೊಬ್ಬ ಇಂಗ್ಲಿಷಿನವನ ಹೆಸರನ್ನು ಮಗನಿಗೆ ಇಡುತ್ತಾರೆ. ಅವರ ಜಗಳ ಜನಾಂಗದ ಜೊತೆ ಇರಲೇ ಇಲ್ಲ, ಅನ್ಯಾಯದ ಜೊತೆ ಇತ್ತು ಅಂತ ನಾನು ತಿಳ್ಕೊಂಡಿದ್ದೇನೆ. ಆಮೇಲೆ ಕೋವಿಲ್‌ಪಟ್ಟಿಯಲ್ಲಿ, ತೂತುಕುಡಿಯಲ್ಲಿ ವಕೀಲಿಕೆ ಮಾಡಿದರು.

ಓದುಗಿ ನಿಶಾ
ಬರವಣಿಗೆ ಮರೀಬೇಡಿ! ಜೈಲಿನಲ್ಲೇ ತಮ್ಮ ಆತ್ಮಕತೆಯನ್ನು ಪದ್ಯದಲ್ಲಿ ಬರೆಯಲು ಶುರು ಮಾಡಿದರು. ತಿರುಕ್ಕುರಳ್‌ಗೆ ವ್ಯಾಖ್ಯಾನ ಬರೆದರು. ಹಳೆಯ ತಮಿಳು ವ್ಯಾಕರಣ ತೊಲ್ಕಾಪ್ಪಿಯಂ ಸಂಪಾದಿಸಿದರು. ಇಂಗ್ಲಿಷ್ ಲೇಖಕ ಜೇಮ್ಸ್ ಅಲೆನ್ ಪುಸ್ತಕಗಳನ್ನು ತಮಿಳಿಗೆ ತಂದರು. ಗಾಣ ಎಳೆದ ಕೈಯಲ್ಲೇ ಇದನ್ನೆಲ್ಲ ಮಾಡಿದ್ದು.

ಲೆಕ್ಕಪತ್ರ
ಪಯಣಿಗರ ಮೊದಲ ಪ್ರಶ್ನೆಗೆ ವಾಪಸ್ ಬರ್ತೀನಿ. ನಾನು ಹೊಸದಾಗಿ ಲೆಕ್ಕ ಹಾಕಿ ನೋಡಿದೆ. ಬಂಡವಾಳ ಕಡಿಮೆ, ಮಾರ್ಗ ಒಂದೇ, ಇದು ನಿಜ. ಆದರೆ ಯಾವ ಷೇರುದಾರನೂ ಒಂದು ಅಪಾಯವನ್ನು ಮುಂಚೆಯೇ ಲೆಕ್ಕಕ್ಕೆ ಹಿಡಿಯಲು ಆಗುವುದಿಲ್ಲ. ಕಂಪನಿಯನ್ನು ಹೊತ್ತು ನಡೆಸುತ್ತಿದ್ದವರಿಗೆ ಒಂದು ಬೆಳಿಗ್ಗೆ 40 ವರ್ಷ ಶಿಕ್ಷೆ ಅಂದರೆ ಯಾವ ಕಂಪನಿ ನಿಲ್ಲುತ್ತೆ? ದರದ ಯುದ್ಧದಲ್ಲಿ ಇವರು ಹಡಗು ನಿಲ್ಲಿಸಿ ಓಡಿಹೋಗಲಿಲ್ಲ. ನಿಲ್ಲಿಸಿದ್ದು ಕೋರ್ಟು. ನಿಶಾ ಅವರು ಮೊದಲ ಸಾಲಿನಲ್ಲೇ ಹೇಳಿದ್ದು ಇದನ್ನು.

ಓದುಗಿ ನಿಶಾ
ನಾನು ಸಿಟ್ಟಿನಲ್ಲಿ ಹೇಳಿದ್ದೆ, ನೀವು ಲೆಕ್ಕ ಹಾಕಿ ಹೇಳಿದಿರಿ. ಕೊಡೆ ವಿಷಯದಲ್ಲಿ ಒಂದು ಮಾತು ಮಾತ್ರ ಸೇರಿಸ್ತೀನಿ. ಪುಕ್ಕಟೆ ಕೊಡೆಗೆ ಹೋದ ಜನರನ್ನು ಬೈಯಬೇಡಿ. ಪಯಣಿಗರೇ, ನಿಮ್ಮ ಬೀದಿಯವರನ್ನೂ. ಮನೆಯಲ್ಲಿ ಮೂರು ಮಕ್ಕಳು ಶಾಲೆಗೆ ಹೋಗೋರಿದ್ದರೆ ಪುಕ್ಕಟೆ ಬಸ್ಸು ಬಿಡೋದು ಕಷ್ಟ.

ಹಾಸನದ ಪಯಣಿಗ
ಅಪ್ಪನೂ ಈಗ ಹಾಗೇ ಹೇಳ್ತಾರೆ. ಆಗ ಹೇಳ್ತಿರಲಿಲ್ಲ.

ನಿನ್ನೆ ರಾತ್ರಿ ಊಟ ಆದ ಮೇಲೆ ಈ ಚರ್ಚೆ ಪೂರ್ತಿ ಅವರಿಗೆ ಓದಿ ಹೇಳಿದೆ. ದಿನಸಿ ಅಂಗಡಿ ಅಂದಾಗ ತಲೆ ಎತ್ತಿ ನೋಡಿದರು. ಬಸ್ಸು ಮಾರಿದ ಮೇಲೆ ಅವರೂ ಎರಡು ವರ್ಷ ಅಂಗಡಿ ಇಟ್ಟಿದ್ದರು. "ಅವರು ಕೊನೇಗೆ ಎಲ್ಲಿ ತೀರ್ಕೊಂಡ್ರು?" ಅಂತ ಕೇಳಿದರು.

ಮೇಷ್ಟ್ರು ತುಮಕೂರು
1936ರ ನವೆಂಬರ್ 18ರಂದು, ತೂತುಕುಡಿಯಲ್ಲಿ. ಅವರ ಆಸೆಯಂತೆ ಕಾಂಗ್ರೆಸ್ ಕಚೇರಿಗೆ ಕರೆದುಕೊಂಡು ಹೋಗಿದ್ದರು. ಅಲ್ಲೇ ಕೊನೆಯುಸಿರು. ಪಕ್ಷ ಬಿಟ್ಟಿದ್ದರೂ ಆ ಕಚೇರಿಯನ್ನು ಬಿಟ್ಟಿರಲಿಲ್ಲ ಅಂತ ಕಾಣುತ್ತೆ.

ಹಾಸನದ ಪಯಣಿಗ
ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಆ ಗಾಣವನ್ನು ಈಗಲೂ ನೋಡಬಹುದಾ ಅಂತ ಕೇಳ್ತಿದ್ದಾರೆ. ಯಾರಿಗಾದರೂ ಗೊತ್ತಾ?

ವಕೀಲರ ಮನೆ
ಚೆನ್ನೈನ ಗಿಂಡಿಯಲ್ಲಿ ಗಾಂಧಿ ಮಂಟಪದ ಆವರಣದಲ್ಲಿ ಇಟ್ಟಿದ್ದಾರೆ. ಸರ್ದಾರ್ ಪಟೇಲ್ ರಸ್ತೆ. ಸೆಂಟ್ರಲ್‌ನಲ್ಲಿ ಇಳಿದು ಅಡ್ಯಾರ್ ಕಡೆ ಹೋಗಬೇಕು. ಹಿರಿಯರನ್ನು ಕರ್ಕೊಂಡು ಹೋಗೋದಾದರೆ ಬೆಳಿಗ್ಗೆಯೇ ಹೋಗಿ. ಚೆನ್ನೈ ಬಿಸಿಲು ಗೊತ್ತಲ್ಲ.

ಹಾಸನದ ಪಯಣಿಗ
ಡಿಸೆಂಬರ್‌ನಲ್ಲಿ ಹೋಗ್ತೀವಿ. ಅಪ್ಪ ಟಿಕೆಟ್ ಬುಕ್ ಮಾಡು ಅಂದರು, ಬಸ್ಸಿಗೆ.